ಹತ್ತನೆಯದಕ್ಕೆ ಜಾಗವಿಲ್ಲ

ಪಂಚಾಂಗದಲ್ಲಿ ಒಂದು ದಿನದ ಸಾಲನ್ನು ನೋಡೋಣ. ತಾರೀಖು, ವಾರ, ತಿಥಿ, ನಕ್ಷತ್ರ, ಯೋಗ, ಕರಣ, ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ. ಇಲ್ಲಿಗೆ ಒಂಬತ್ತಾಯಿತು. ಹತ್ತನೆಯದು ಯಮಗಂಡಕಾಲ. (ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗದ ಈ ಎವರೆಟ್‌ನಲ್ಲಿ ಬೆಂಗಳೂರಿನ ಪಂಚಾಂಗ ನಡೆಯುವುದಿಲ್ಲ, ನಮ್ಮದನ್ನು ನಾವೇ ಅಚ್ಚು ಹಾಕಿಕೊಳ್ಳಬೇಕು.) ಇದನ್ನು ಟೆಕ್ ಎಂಬ ಅಕ್ಷರಜೋಡಣೆಯ ಭಾಷೆಗೆ ಒಪ್ಪಿಸಿದರೆ, ಯಮಗಂಡಕ್ಕೆ ಬರುವಷ್ಟರಲ್ಲಿ ಅದು ಕೈಚೆಲ್ಲುತ್ತದೆ.

ಟೆಕ್ ಹುಟ್ಟಿದ್ದು ಸಿಟ್ಟಿನಿಂದ. ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ, ಅದರ ಅಂದಗೇಡಿತನ ಸಹಿಸದೆ, ಜೋಡಣೆಯ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಅದರ ಮ್ಯಾಕ್ರೋ ಎಂದರೆ ಮದುವೆಯ ಕರೆಯೋಲೆಯ ನಮೂನೆ ಇದ್ದಂತೆ: ವಧು, ವರ, ಮುಹೂರ್ತಕ್ಕೆ ಖಾಲಿ ಜಾಗ ಬಿಟ್ಟಿರುತ್ತದೆ. ಆ ಜಾಗಗಳಿಗೆ 1ರಿಂದ 9ರವರೆಗೆ ಒಂದೊಂದೇ ಅಂಕಿಯ ಗುರುತು. ಹತ್ತನೆಯದನ್ನು ಘೋಷಿಸಹೋದರೆ, ನಿಮ್ಮಲ್ಲಿ ಆಗಲೇ ಒಂಬತ್ತಿವೆ ಎಂದು ಗದರುತ್ತದೆ. ಒಳಗೆ ಎಲ್ಲಾದರೂ 10 ಎಂದು ಗುರುತು ಹಾಕಿದಿರೋ, ಅದನ್ನು ಒಂದನೆಯದು, ಪಕ್ಕದಲ್ಲೊಂದು ಸೊನ್ನೆ ಎಂದು ಓದುತ್ತದೆ. ಮೂರನೇ ತಾರೀಖಿನ ದಿನ ಯಮಗಂಡದ ಜಾಗದಲ್ಲಿ 30 ಎಂದು ಅಚ್ಚಾಗುತ್ತದೆ!

ದಾರಿಗಳಿಲ್ಲವೆಂದಲ್ಲ. ಹಳೆಯದು ಕೈಬದಲಿನ ದಾರಿ: ಮೊದಲ ಮ್ಯಾಕ್ರೋ ಒಂಬತ್ತನ್ನು ತೆಗೆದುಕೊಂಡು ಒಂದೊಂದಕ್ಕೂ ಹೆಸರಿಟ್ಟು ಒಳಗಿಟ್ಟುಕೊಂಡು, ಕೊನೆಗೆ ಎರಡನೆಯದನ್ನು ಕರೆದು ಹೊರಡುತ್ತದೆ, ಸಾಲಿನಲ್ಲಿ ಉಳಿದವನ್ನು ಆ ಎರಡನೆಯದು ಎತ್ತಿಕೊಳ್ಳುತ್ತದೆ. ಇನ್ನೊಂದು, ನಮಗೆ ಹೆಚ್ಚು ಮೆಚ್ಚುಗೆಯಾದದ್ದು, ಡೇವಿಡ್ ಕಾರ್ಲೈಲ್ ಅವರ ಕೀವಾಲ್. ಅಲ್ಲಿ ಎಷ್ಟನೆಯದು ಎಂಬ ಲೆಕ್ಕವೇ ಇಲ್ಲ. 'ತಿಥಿ=ದಶಮಿ, ವಾರ=ಗುರು' ಎಂದು ಯಾವ ಕ್ರಮದಲ್ಲಾದರೂ ಬರೆಯಬಹುದು; ಮ್ಯಾಕ್ರೋದ ಕಣ್ಣಿಗೆ ಅದೆಲ್ಲ ಒಂದೇ ಗಂಟು.

ಈ ಚರಿತ್ರೆಯ ಒಂದು ತುಂಡು ನಮ್ಮ ನೆರೆಯದೇ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 25 ಮೈಲಿ ದೂರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಿಯರ್ ಮೆಕೇ ಎಂಬ ಪ್ರಾಚೀನ ಸಾಹಿತ್ಯದ ಪ್ರಾಧ್ಯಾಪಕರಿದ್ದರು. ಯೂನಿಕ್ಸ್ ಗಣಕಗಳಿಗೆ ಟೆಕ್ ಹಂಚಿಕೆಯಾಗುತ್ತಿದ್ದುದು ಅವರ ಕೈಯಿಂದ, ಟೇಪುಗಳಲ್ಲಿ. ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನು ಟೆಕ್‌ಗೆ ಕಲಿಸುವ ಬಗ್ಗೆ 1987ರಲ್ಲಿ ಕ್ನೂತ್ ಜೊತೆಗೂಡಿ ಲೇಖನ ಬರೆದವರೂ ಇವರೇ. ಲಿಪಿಯ ಕಷ್ಟ ತಟ್ಟಿದ್ದು ಸಾಹಿತ್ಯದ ಮೇಷ್ಟರಿಗೆ ಎಂಬುದು ನಮಗೆ ಸಂತೋಷದ ಸಂಗತಿ.

ನಮ್ಮ ಒತ್ತಕ್ಷರಗಳ ಕಷ್ಟ ಬೇರೆ. 1990ರ ಮೂರನೆಯ ಆವೃತ್ತಿಯವರೆಗೆ ಟೆಕ್ ಒಳಗೆಲ್ಲ 128 ಅಕ್ಷರಗಳದೇ ಲೆಕ್ಕ, ಆಮೇಲೆ 256. ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ಅವಿನಾಶ್ ಚೋಪ್ಡೆಯವರ ಐಟ್ರಾನ್ಸ್‌ನಂಥ ತಂತ್ರಾಂಶದಿಂದ ಮೊದಲೇ ಅರೆದು, ಆಮೇಲೆ ಟೆಕ್‌ಗೆ ಉಣಿಸಬೇಕಿತ್ತು. ನೋಡಲು ಕುರೂಪವಾದರೂ ಆ ಕಡತಗಳನ್ನು ಇಂದಿಗೂ ಓದಬಹುದು. ಫಾಂಟಿಗೊಂದು ಗುಪ್ತಸಂಕೇತವಿದ್ದ ಕಾಲದ ಎಷ್ಟೋ ಕನ್ನಡ ಕಡತಗಳು ಆ ಫಾಂಟು ಕಳೆದುಹೋದ ಮೇಲೆ ಬರೀ ಗೀಚು.

ಮಿತಿಯನ್ನು ಕ್ನೂತ್ ಸಡಿಲಿಸಬಹುದಿತ್ತಲ್ಲ ಎಂದು ಕೇಳಬಹುದು. ಹಳೆಯ ಕಡತ ಎಂದು ತೆರೆದರೂ ಅದೇ ಪುಟ ಮೂಡಬೇಕೆಂದು ಅವರು ಟೆಕ್‌ಗೆ ಹೊಸದನ್ನು ಸೇರಿಸುವುದನ್ನೇ ನಿಲ್ಲಿಸಿದರು. ತಪ್ಪು ತಿದ್ದಿದಾಗ ಆವೃತ್ತಿಯ ಸಂಖ್ಯೆಗೆ ಪೈಯ ಇನ್ನೊಂದು ಅಂಕಿ ಸೇರುತ್ತದೆ, ಅಷ್ಟೆ; 2021ರಲ್ಲಿ ಅದು 3.141592653ಕ್ಕೆ ಬಂತು. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಝೀಟೆಕ್‌ನಿಂದ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆಯುವುದು ಸಾಧ್ಯವಾಯಿತು. ಅದರಲ್ಲೂ ಮ್ಯಾಕ್ರೋಗೆ ಒಂಬತ್ತೇ.