ಗೋಡೆಯ ಮೇಲಿನ ಕೀರ್ತನೆಗಳು

ಕ್ರಿ.ಶ. 430ರ ಬೇಸಗೆ. ಉತ್ತರ ಆಫ್ರಿಕದ ಕಡಲತಡಿಯಲ್ಲಿದ್ದ ಹಿಪ್ಪೋ ಪಟ್ಟಣವನ್ನು ವ್ಯಾಂಡಲರ ಸೈನ್ಯ ಮುತ್ತಿತ್ತು. ಹಿಂದಿನ ವರ್ಷವಷ್ಟೇ ಸ್ಪೇನಿನಿಂದ ಜಲಸಂಧಿಯನ್ನು ದಾಟಿದ ಈ ಜನ, ಗೈಸೆರಿಕನ ನಾಯಕತ್ವದಲ್ಲಿ ಊರೂರನ್ನು ಸೂರೆಗೊಳ್ಳುತ್ತ ಮುಂದುವರಿದಿದ್ದರು. ಸುತ್ತಣ ಊರುಗಳ ಬಿಷಪ್ಪರಲ್ಲಿ ಕೆಲವರು ಓಡಿಬಂದು ಹಿಪ್ಪೋದ ಗೋಡೆಗಳೊಳಗೆ ಆಶ್ರಯ ಪಡೆದಿದ್ದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಪಟ್ಟಣದ ಬಿಷಪ್ ಸಂತ ಅಗಸ್ಟೀನ ಜ್ವರದಿಂದ ಹಾಸಿಗೆ ಹಿಡಿದ. ಆಗ ಆತನಿಗೆ ಎಪ್ಪತ್ತೈದು ವರ್ಷ.

ಆ ಹಾಸಿಗೆಯಲ್ಲಿ ಆತ ಮಾಡಿಸಿದ ಒಂದು ಏರ್ಪಾಡನ್ನು, ಜೊತೆಯಲ್ಲೇ ಇದ್ದ ಶಿಷ್ಯ ಪೊಸ್ಸಿಡಿಯಸ್ ತನ್ನ ಗುರುಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಪಶ್ಚಾತ್ತಾಪವನ್ನು ಕುರಿತ ದಾವೀದನ ಕೆಲವು ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಎದುರಿನ ಗೋಡೆಗೆ ಹಾಕಿಸಿಕೊಂಡನಂತೆ. ಸಾಯುವುದಕ್ಕೆ ಹತ್ತು ದಿನಗಳಿರುವಾಗ, ವೈದ್ಯರು ಬರುವ ಹೊತ್ತು ಮತ್ತು ಊಟ ತರುವ ಹೊತ್ತು ಬಿಟ್ಟರೆ ಬೇರಾರೂ ಒಳಗೆ ಬರಕೂಡದೆಂದು ಕೇಳಿಕೊಂಡ. ಆ ಏಕಾಂತದಲ್ಲಿ ಹಾಳೆಗಳನ್ನು ಓದುತ್ತ, ಎಡೆಬಿಡದೆ ಅಳುತ್ತ ಪ್ರಾರ್ಥಿಸಿದ. ಪಶ್ಚಾತ್ತಾಪದ ಕೀರ್ತನೆಗಳು ಏಳು ಎಂಬ ಎಣಿಕೆ ಮುಂದಿನ ಕಾಲದ್ದು. ಪೊಸ್ಸಿಡಿಯಸ್ ಲೆಕ್ಕ ಹೇಳುವುದಿಲ್ಲ.

ಈ ಅಳುವಿನ ಅರ್ಥವೇನು? ಕೀರ್ತನೆಗಳ ಗ್ರಂಥವನ್ನು ಸಮಾಧಾನದ ಬುಗ್ಗೆ ಎನ್ನುವುದು ವಾಡಿಕೆ. ನೂರೈವತ್ತು ಕೀರ್ತನೆಗಳಿಗೂ ವ್ಯಾಖ್ಯಾನ ಹೇಳಿದವನು ಅಗಸ್ಟೀನ. ಆ ಕೆಲಸ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದಿತ್ತು. ಆತನ ಕೃತಿಗಳಲ್ಲಿ ಅದೇ ಅತಿ ದೀರ್ಘವಾದದ್ದು. ಅಂಥವನಿಗೇ ಕೊನೆಯಲ್ಲಿ ಶಾಂತಿ ದೊರೆಯಲಿಲ್ಲವೇ?

ಉತ್ತರಕ್ಕಾಗಿ ನಲವತ್ತಮೂರು ವರ್ಷ ಹಿಂದಕ್ಕೆ, ರೋಮಿನ ಬಂದರಾದ ಓಸ್ಟಿಯಕ್ಕೆ ಹೋಗಬೇಕು. 387ರಲ್ಲಿ, ಆಫ್ರಿಕಕ್ಕೆ ಹಡಗು ಹತ್ತಲು ಕಾದಿದ್ದಾಗ, ತಾಯಿ ಮೋನಿಕ ತನ್ನ ಐವತ್ತಾರನೆಯ ವಯಸ್ಸಿನಲ್ಲಿ ಅಲ್ಲಿ ತೀರಿಕೊಂಡಳು. ಮಗನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ ಆಕೆ. ಉಸಿರು ನಿಂತೊಡನೆ ಅಗಸ್ಟೀನನ ಮಗ ಅದೆಯೊಡಾಟಸ್, ಇನ್ನೂ ಹುಡುಗ, ಗಟ್ಟಿಯಾಗಿ ಅತ್ತುಬಿಟ್ಟ. ಹಿರಿಯರು ಅವನನ್ನು ಸುಮ್ಮನಾಗಿಸಿದರು. ಆಗ ಎವೋಡಿಯಸ್ ಎಂಬ ಸ್ನೇಹಿತ ಕೀರ್ತನೆಗಳ ಪುಸ್ತಕವನ್ನು ಎತ್ತಿಕೊಂಡು, ನಮ್ಮ ಬೈಬಲ್ಲಿನ ಎಣಿಕೆಯಲ್ಲಿ 101ನೆಯದಾದ ಕೀರ್ತನೆಯನ್ನು ಹಾಡತೊಡಗಿದ, ಮನೆಯವರೆಲ್ಲ ದನಿಗೂಡಿಸಿದರು. ಅಗಸ್ಟೀನ ಮಾತ್ರ ಕಣ್ಣೀರನ್ನು ಬಲವಂತವಾಗಿ ಒಳಕ್ಕೆ ನೂಕಿದ. ತಾಯಿಯ ಸಾವು ದುರ್ಮರಣವಲ್ಲ, ಪೂರ್ಣವಾದ ಸಾವೂ ಅಲ್ಲ. ಅಂದಮೇಲೆ ಗೋಳಾಡುವುದು ಅನುಚಿತ ಎಂಬುದು ಆತನ ತರ್ಕ. ದಫನದ ವೇಳೆಯಲ್ಲೂ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಕೇಳಿ ಸ್ನಾನಕ್ಕೂ ಹೋಗಿಬಂದ, ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ಅಂಬ್ರೋಸನ ಒಂದು ಹಾಡು ನೆನಪಾಗಿ, ಒಂಟಿಯಾಗಿದ್ದಾಗ ಕಟ್ಟೆ ಒಡೆಯಿತು. ಹತ್ತು ವರ್ಷಗಳಿಗೂ ಮೇಲೆ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಇದನ್ನೆಲ್ಲ ಬರೆಯುವಾಗ, ಗಳಿಗೆಯಷ್ಟೂ ಇಲ್ಲದ ಆ ಅಳುವಿಗಾಗಿ ಓದುಗರೆದುರು ಸಂಕೋಚಪಡುತ್ತಾನೆ.

ಓಸ್ಟಿಯದ ಆ ಮನೆಯಲ್ಲಿ ಕೀರ್ತನೆ ಕಣ್ಣೀರಿಗೆ ಹಾಕಿದ ಅಗುಳಿಯಾಗಿತ್ತು. ಹಿಪ್ಪೋದಲ್ಲಿ ಅದೇ ಕೀರ್ತನೆಗಳ ಮುಂದೆ ಅಗುಳಿ ತೆರೆಯಿತು. ಮುದುಕ ಅಗಸ್ಟೀನನೇ ಆ ಗ್ರಂಥವನ್ನು ಸರಿಯಾಗಿ ಓದಿದನೆಂದು ನನ್ನ ಭಾವನೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ಸ್ತುತಿಗಳು’ ಎಂದು. ಆದರೆ ಒಳಹೊಕ್ಕು ನೋಡಿದರೆ ಹೆಜ್ಜೆಹೆಜ್ಜೆಗೂ ದೂರು, ಮೊರೆ, ಜಗಳ. ಬಹುಪಾಲು ಮೊರೆಗಳು ತಿರುಗಿ ಭರವಸೆಗೆ ಬಂದು ನಿಲ್ಲುತ್ತವೆ. 88ನೆಯದಂತೂ ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಕೈಬಿಡದೆ ಉಳಿಸಿಕೊಂಡದ್ದು ಆ ಸಂಗ್ರಹಕಾರರ ದೊಡ್ಡತನ. ದೇವರ ಮೇಲಿನ ದೂರನ್ನು ದೇವರಲ್ಲೇ ಹೇಳಿಕೊಳ್ಳುವವನು ಇನ್ನೂ ಆತನ ಕೈ ಬಿಟ್ಟಿಲ್ಲ. ನಿಂದಾಸ್ತುತಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡ ಬೈಬಲ್ಲಿನಲ್ಲಿ ಈ ಗ್ರಂಥಕ್ಕೆ ದಾಸರ ಹಾಡುಗಳ ಹೆಸರನ್ನೇ ಇಟ್ಟು ‘ಕೀರ್ತನೆಗಳು’ ಎಂದದ್ದು ಎಷ್ಟು ಒಪ್ಪುವ ಮಾತು!

ಅಗಸ್ಟೀನನ ಹೆಸರಿನ ಸಂನ್ಯಾಸಿಸಂಘದಿಂದಲೇ ಹೊರಬಂದ ಮಾರ್ಟಿನ್ ಲೂಥರನ ಜೀವನದಲ್ಲೂ ಇಂಥದೇ ಒಂದು ಕೋಣೆ ಇದೆ. 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಚಕ್ರವರ್ತಿಯ ಸಭೆ ಸೇರಿತ್ತು. ಬಹಿಷ್ಕೃತನಾದ ಲೂಥರ್ ಅಲ್ಲಿಗೆ ಹೋಗುವಂತಿರಲಿಲ್ಲ. ಸುಮಾರು ಐದು ತಿಂಗಳು ಕೋಬರ್ಗ್ ಕೋಟೆಯಲ್ಲಿ ಉಳಿದ. ತನ್ನ ಮೆಚ್ಚಿನ 118ನೆಯ ಕೀರ್ತನೆಯ ಒಂದು ವಚನವನ್ನು ಅಲ್ಲಿಯ ಗೋಡೆಯ ಮೇಲೆ ಬರೆದುಕೊಂಡಿದ್ದ; ಸಾವನ್ನು ಒಲ್ಲದೆ ಬದುಕನ್ನು ಸಾರುವ ವಚನ ಅದು. ಜೂನ್ ತಿಂಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಓಲೆಯನ್ನು ಓದಿದವನೇ ಕೀರ್ತನೆಗಳ ಪುಸ್ತಕವನ್ನು ತೆಗೆದುಕೊಂಡು ಕೋಣೆಗೆ ಹೋಗಿ, ಮರುದಿನವೂ ತಲೆ ಭಾರವಾಗಿರುವಷ್ಟು ಅತ್ತನೆಂದು ಜೊತೆಯಲ್ಲಿದ್ದ ಫೈಟ್ ಡೀಟ್ರಿಖ್ ಲೂಥರನ ಹೆಂಡತಿಗೆ ಬರೆದು ತಿಳಿಸಿದ್ದಾನೆ.

ಹಿಪ್ಪೋದ ಮುದುಕ 430ರ ಆಗಸ್ಟ್ 28ರಂದು, ಸುತ್ತ ನಿಂತವರ ಪ್ರಾರ್ಥನೆಯ ನಡುವೆ ಕಣ್ಣುಮುಚ್ಚಿದ. ಕೊನೆಯವರೆಗೂ ಕಣ್ಣು ಕಿವಿ ಚುರುಕಾಗಿದ್ದವೆಂದು ಪೊಸ್ಸಿಡಿಯಸ್ ನೆನೆಯುತ್ತಾನೆ. ಉಯಿಲು ಬರೆದಿಡಲಿಲ್ಲ; ಬರೆಯಲು ಆಸ್ತಿಯೇ ಇರಲಿಲ್ಲ. ಪುಸ್ತಕಗಳನ್ನು ಮುಂದಿನವರಿಗಾಗಿ ಜೋಪಾನಮಾಡಿರೆಂದು ಮಾತ್ರ ಹೇಳುತ್ತಿದ್ದ. ಮುತ್ತಿಗೆ ಒಟ್ಟು ಹದಿನಾಲ್ಕು ತಿಂಗಳ ಹತ್ತಿರ ನಡೆಯಿತು. ಆಮೇಲೆ ಜನ ಊರನ್ನು ಬಿಟ್ಟರು, ಶತ್ರುಗಳು ಬೆಂಕಿಯಿಟ್ಟರು. ಕೀರ್ತನೆಗಳ ಆ ದೀರ್ಘ ವ್ಯಾಖ್ಯಾನ ಇಂದಿಗೂ ಓದಲು ಸಿಗುತ್ತದೆ.