ಹಳಿ ಹತ್ತದ ಘಟ್ಟ, ಗಾಡಿ ಕಟ್ಟಿದ ಊರು

ಬಯಲಿನ ಕಡೂರು, ಬೀರೂರುಗಳಿಗೆ ರೈಲು ಬಂದದ್ದು 1889ರ ಹೊತ್ತಿಗೆ, ಬೆಂಗಳೂರು–ಹರಿಹರ ಮಾರ್ಗ ತೆರೆದಾಗ. ಕಡೂರಿನಿಂದ ಸುಮಾರು 46 ಕಿಲೋಮೀಟರ್ ಹಳಿ ಹಾಕಿ ಚಿಕ್ಕಮಗಳೂರು ಮುಟ್ಟಲು 2013ರ ನವೆಂಬರ್ ಬರಬೇಕಾಯಿತು. ಅಷ್ಟರಲ್ಲಿ ಕಾಫಿ ಸೀಮೆ ರೈಲಿಗೆ ಕಾಯದೆ, ಎತ್ತಿನ ಗಾಡಿಯ ಜಾಡಿನ ಮೇಲೆಯೇ ಊರುಗಳನ್ನು ಕಟ್ಟಿಕೊಂಡಿತ್ತು.

ಇಲ್ಲಿಯ ವ್ಯಾಪಾರದ ಮುಖ ಬಹುಕಾಲ ಪಡುವಣಕ್ಕಿತ್ತು. ಕಣದಲ್ಲಿ ಒಣಗಿಸಿದ ಒಳಸಿಪ್ಪೆ ಸಮೇತದ ಕಾಫಿಯ, ಅಂದರೆ ಪಾರ್ಚ್‌ಮೆಂಟ್ ಮೂಟೆಗಳು ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು ಬಂಟ್ವಾಳ ಸೇರುತ್ತಿದ್ದವು. ಅಲ್ಲಿಂದ ನೇತ್ರಾವತಿಯ ದೋಣಿ ಹಿಡಿದು ಮಂಗಳೂರಿಗೆ. ಸಿಪ್ಪೆ ಬಿಡಿಸಿ, ಬೀಜದ ಗಾತ್ರ ನೋಡಿ ವಿಂಗಡಿಸಿ ಹಡಗಿಗೇರಿಸುವ ಕ್ಯೂರಿಂಗ್ ಕೆಲಸ ಅಲ್ಲಿ ನಡೆಯುತ್ತಿತ್ತು. ಇಳಿಯುವಾಗ ಕಾಫಿ, ಹತ್ತುವಾಗ ಉಪ್ಪು, ಒಣಮೀನು. ಘಟ್ಟದ ಕೆಳಗಿನ ಕೂಲಿಯವರೂ ಅದೇ ದಾರಿಯಲ್ಲಿ ಬಂದು ಎಸ್ಟೇಟಿನ ಲೈನ್ ಮನೆಗಳಲ್ಲಿ ನೆಲೆಸಿದರು. ಮೂಡಿಗೆರೆ ಪೇಟೆಯಲ್ಲಿ ತುಳು ಮಾತು ಕಿವಿಗೆ ಬೀಳುವುದು ಸುಮ್ಮನೆ ಅಲ್ಲ.

ಕೊಟ್ಟಿಗೆಹಾರವನ್ನೇ ನೋಡಿ. ಒಂದು ರಸ್ತೆ ಚಾರ್ಮಾಡಿಗೆ, ಒಂದು ಬಾಳೂರಿನ ಮೇಲೆ ಕಳಸಕ್ಕೆ, ಇನ್ನೊಂದು ಮೂಡಿಗೆರೆಗೆ. ಮಳೆಗಾಲದಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ಘಾಟಿ ಹತ್ತಿದ ಬಸ್ಸು, ಲಾರಿ ಇಲ್ಲಿ ನಿಲ್ಲುತ್ತವೆ. ಕಾವಲಿಯಿಂದ ನೀರುದೋಸೆ ಏಳುತ್ತಲೇ ಇರುತ್ತದೆ. ಬೇರೆ ಕಡೆ ಜಂಕ್ಷನ್ ಸ್ಟೇಷನ್ ಮಾಡಿದ ಕೆಲಸವನ್ನು ಇಲ್ಲಿ ಈ ಮೂರು ದಾರಿ ಕೂಡುವ ಜಾಗ ಮಾಡಿತು.

ಜಿಲ್ಲೆಯ ಕಾಡಿಗೆ ಹಳಿ ನುಗ್ಗಿದ್ದೂ ಉಂಟು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಟ್ರಾಂ ಓಡುತ್ತಿತ್ತು. ಈಗ ಅದು ಹಿರಿಯರ ಮಾತಿನಲ್ಲಷ್ಟೇ ಇದೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಕಳಸದ ಪಕ್ಕದ ಕುದುರೆಮುಖದ ಕಬ್ಬಿಣದ ಗಣಿ. ಅದಿರಿದ್ದಲ್ಲಿಗೆ ರೈಲು ಹೋಗುವುದು ಲೋಕರೂಢಿ. ಇಲ್ಲಿ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸಿದರು. 2005ರ ಕೊನೆಗೆ ಗಣಿ ನಿಂತಿತು. ಒಂದು ಹಳಿಯೂ ಇಲ್ಲದೆ ಬೆಟ್ಟವೇ ಕರಗಿ ಕಡಲಿಗೆ ಹೋಗಿತ್ತು.

ರೈಲು ತಡವಾದದ್ದಕ್ಕೆ ಸರ್ಕಾರಗಳ ಉದಾಸೀನದ ಜೊತೆ ನೆಲವೂ ಕಾರಣ. ನೆರೆಯ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರಿಗೆ 57 ಸುರಂಗ ಕೊರೆಯಬೇಕಾಯಿತು. ಹಾಸನ–ಮಂಗಳೂರು ಮಾರ್ಗ ಪೂರ್ಣವಾದದ್ದು 1979ರಲ್ಲಿ.

ಚಿಕ್ಕಮಗಳೂರಿನಿಂದ 2025ರ ಜುಲೈಯಲ್ಲಿ ತಿರುಪತಿಗೆ ವಾರಕ್ಕೊಂದು ರೈಲು ಹೊರಟಿತು. ಭಕ್ತರಿಗೆ ಅನುಕೂಲವಾಯಿತು, ಸಂತೋಷವೇ. ಕಾಫಿ ಮೂಟೆಗೆ ಬೇಕಾದದ್ದು ಬೇಲೂರಿನ ಮೇಲೆ ಹಾಸನ ಸೇರುವ ಹಳಿ. ಅದು ಕೂಡಿಕೊಂಡರೆ ಚಿಕ್ಕಮಗಳೂರಿನಿಂದ ಮಂಗಳೂರು ಬಂದರಿಗೆ ರೈಲಿನ ಹತ್ತಿರದ ದಾರಿ ಸಿಗುತ್ತದೆ. ಕಳಸದ ಬೆಳೆಗಾರನಿಗೆ ಮಾತ್ರ ಆಗಲೂ ಲಾರಿಯೇ ಗತಿ. ಹಾಗಾಗಿ ಘಾಟಿ ರಸ್ತೆ ಪ್ರತಿ ಮಳೆಗಾಲ ಕುಸಿಯದಂತೆ ಕಾಯುವುದು ಹೊಸ ಹಳಿಯಷ್ಟೇ ಜರೂರು.