ಪಾದೂರಿನ ಬಂಡೆ, ಪ್ಯಾರಿಸ್ಸಿನ ಮೇಜು

ಸಂಜೆ ಆರು ಗಂಟೆಗೆ ದೊಡ್ಡನೆಕ್ಕುಂದಿ ಹತ್ತಿರ ಔಟರ್ ರಿಂಗ್ ರೋಡ್ ನೋಡಿ. ಕಾರು, ಕ್ಯಾಬ್, ಆಟೋ, ಬೈಕು, ಎಲ್ಲವೂ ನಿಂತಲ್ಲೇ ಎಣ್ಣೆ ಸುಡ್ತಿರ್ತವೆ. ಈ ಎಣ್ಣೆ ಎಲ್ಲಿಂದ ಬರುತ್ತೆ? ನಗರದ ಪೂರ್ವಕ್ಕೆ, ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ಡಿಪೋಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಹಾದು 362 ಕಿಲೋಮೀಟರ್ ಪೈಪ್‌ಲೈನ್ ಅಲ್ಲಿಗೆ ಬರುತ್ತೆ. ಮಂಗಳೂರಿಗೆ ಕಚ್ಚಾ ತೈಲ ಹಡಗಲ್ಲಿ ಬರುತ್ತೆ. ಎಂಜಿನಿಯರಿಂಗ್ ಕಾಲೇಜಲ್ಲಿ ನಮಗೆ ಪಂಪು, ಪೈಪಿನ ಲೆಕ್ಕ ಕಲಿಸಿದರು. ಹಡಗೇ ಬರದಿದ್ದರೆ ಏನು ಅನ್ನೋದನ್ನ ಕಲಿಸಲಿಲ್ಲ. ಅದನ್ನ ಇತಿಹಾಸದಿಂದಲೇ ಕಲಿಯಬೇಕು.

1973ರ ಅಕ್ಟೋಬರ್. ಅರಬ್–ಇಸ್ರೇಲ್ ಯುದ್ಧ. ಅರಬ್ ದೇಶಗಳು ತೈಲಕ್ಕೆ ತಡೆ ಹಾಕಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ದರ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರಕ್ಕೆ ಹೋಯಿತು. ಇಲ್ಲಿ ಪೆಟ್ರೋಲ್ ದರ ಏರಿಕೆ ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು.

ಶ್ರೀಮಂತ ದೇಶಗಳು ಏನು ಮಾಡಿದವು? 1974ರ ನವೆಂಬರ್ 18ರಂದು 16 ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಅಂದ್ರೆ ಐಇಎ ಕಟ್ಟಿದವು. ನಿಯಮ ಸರಳ: ಪ್ರತಿ ಸದಸ್ಯ ದೇಶ ತನ್ನ 90 ದಿನದ ಆಮದಿಗೆ ಸಮನಾದ ತೈಲ ಕೂಡಿಟ್ಟಿರಬೇಕು, ಕಷ್ಟ ಬಂದಾಗ ಎಲ್ಲರೂ ಒಟ್ಟಿಗೆ ಬಿಡುಗಡೆ ಮಾಡಬೇಕು. ಆದರೆ ಸದಸ್ಯರಾಗಲು ಓಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟದಲ್ಲಿ ಮೊದಲು ಇರಬೇಕು. ನಾವಿರಲಿಲ್ಲ. ಬಾಗಿಲ ಹೊರಗೇ ಉಳಿದೆವು.

ಹೊರಗಿರೋದರ ಬೆಲೆ ಗೊತ್ತಾಗಿದ್ದು 1990ರಲ್ಲಿ. ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಅಲ್ಲಿಂದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನ ವಿಮಾನದಲ್ಲಿ ಕರೆತರಬೇಕಾಯಿತು. ತೈಲದ ಬಿಲ್ಲು ಏರಿತು, ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಕರಗಿತು. 1991ರ ಜನವರಿಯಲ್ಲಿ ಐಇಎ ದೇಶಗಳು ತಮ್ಮ ದಾಸ್ತಾನಿಗೆ ಕೈ ಹಾಕಿದವು. ನಮ್ಮ ಹತ್ತಿರ ಅಂಥ ದಾಸ್ತಾನು ಎಲ್ಲಿತ್ತು? ಅದೇ ವರ್ಷ ನಾವು ಸುಮಾರು 47 ಟನ್ ಚಿನ್ನವನ್ನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಕಳಿಸಿ ಸಾಲ ತಂದೆವು.

ಪಾಠ ಕಲಿತೆವು, ನಿಧಾನಕ್ಕೆ. 2004ರಲ್ಲಿ ತೈಲ ಸಂಗ್ರಹಕ್ಕೆಂದೇ ಸರ್ಕಾರಿ ಕಂಪನಿ ಹುಟ್ಟಿತು. ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಗುಹೆಗಳಾದವು. ಸುತ್ತಲಿನ ಬಂಡೆಯ ನೀರಿನ ಒತ್ತಡವೇ ಎಣ್ಣೆ ಸೋರದಂತೆ ಹಿಡಿದಿಡುತ್ತೆ. ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ ಮಂಗಳೂರಿನ 15 ಲಕ್ಷ, ಪಾದೂರಿನ 25 ಲಕ್ಷ. ಅಂದ್ರೆ ನಾಲ್ಕರಲ್ಲಿ ಮೂರು ಪಾಲು ನಮ್ಮ ಕರಾವಳಿಯಲ್ಲೇ! 2020ರ ಕೊರೊನಾ ಕಾಲದಲ್ಲಿ ತೈಲ ಅಗ್ಗವಾದಾಗ ಇವನ್ನ ತುಂಬಿಸಿ ಸುಮಾರು 5,000 ಕೋಟಿ ರೂಪಾಯಿ ಉಳಿಸಿದ್ದೇವೆ ಅಂತ ಸರ್ಕಾರ ಹೇಳಿತು.

ಆಮೇಲೆ ಪ್ಯಾರಿಸ್ಸಿನ ಬಾಗಿಲು ಸ್ವಲ್ಪ ತೆರೆಯಿತು. 2017ರ ಮಾರ್ಚ್‌ನಲ್ಲಿ ಭಾರತ ಐಇಎಯ ಸಹಯೋಗಿ ದೇಶವಾಯಿತು. 2021ರ ನವೆಂಬರ್‌ನಲ್ಲಿ ಅಮೆರಿಕ, ಜಪಾನ್ ಮೊದಲಾದವರ ಜೊತೆ ಸೇರಿ 50 ಲಕ್ಷ ಬ್ಯಾರೆಲ್ ಬಿಡುಗಡೆಯನ್ನೂ ಘೋಷಿಸಿತು. 2023ರಲ್ಲಿ ಪೂರ್ಣ ಸದಸ್ಯತ್ವ ಕೇಳಿತು. 2024ರ ಫೆಬ್ರವರಿಯಲ್ಲಿ ಐಇಎ ಸಚಿವರು ಮಾತುಕತೆಗೆ ಒಪ್ಪಿದರು.

ಸರಿ, ಸೇರಬೇಕಾ? ಸೇರಿದರೆ ರಷ್ಯಾದ ತೈಲ ಕೊಳ್ಳೋ ಸ್ವಾತಂತ್ರ್ಯಕ್ಕೆ ಒತ್ತಡ ಬರಲ್ವಾ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಲೆಕ್ಕ ನೋಡಿ. ಸರ್ಕಾರದ ಪ್ರಕಾರ ಗುಹೆಗಳ ತೈಲ 9.5 ದಿನಕ್ಕೆ, ಕಂಪನಿಗಳ ದಾಸ್ತಾನು 64.5 ದಿನಕ್ಕೆ ಸಾಲುತ್ತೆ. ಒಟ್ಟು 74. ಬೇಕಾಗಿರೋದು 90. ಬೇಕಾದ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಆಮದು ಮಾಡೋ ದೇಶಕ್ಕೆ, ಸದಸ್ಯತ್ವ ಸಿಗಲಿ ಬಿಡಲಿ, ಈ ಅಂತರ ತುಂಬಲೇಬೇಕು.

2021ರಲ್ಲಿ ಒಡಿಶಾದ ಚಂಡಿಖೋಲ್ ಮತ್ತು ಪಾದೂರಿನಲ್ಲಿ ಇನ್ನೂ 65 ಲಕ್ಷ ಟನ್‌ಗೆ ಒಪ್ಪಿಗೆಯಾಗಿದೆ. ಅದಕ್ಕೆ ಬೇಕಾದ ನೆಲ ಯಾರದ್ದೋ ತೋಟ, ಯಾರದ್ದೋ ಮನೆ. ದೇಶದ ಭದ್ರತೆಗೆ ಭೂಮಿ ಕೊಡೋರಿಗೆ ಪರಿಹಾರದ ಹಣ ಮೊದಲು ತಲುಪಬೇಕು, ಜೆಸಿಬಿ ಆಮೇಲೆ ಹೋಗಬೇಕು. ಪ್ಯಾರಿಸ್ಸಿನ ಮೇಜಿನ ಮುಂದೆ ನಮ್ಮ ಮಾತಿಗೆ ತೂಕ ಬರೋದು ಪಾದೂರಿನ ಗುಹೆ ತುಂಬಿದ್ದಾಗ. ಕೈಯಲ್ಲಿ ದಾಸ್ತಾನು ಇರೋ ದೇಶ ಷರತ್ತು ಹಾಕಿ ಒಳಗೆ ಹೋಗುತ್ತೆ. ಇಲ್ಲದ ದೇಶ ಷರತ್ತು ಒಪ್ಪಿಕೊಂಡು ಹೋಗುತ್ತೆ.